ಅಳಗುಳಿ ಮಣೆಯ ಮೇಲೆ ಹನ್ನೆರಡು ಹುಡುಗಿಯರ ನೋವು

ಕಳೆದ ವರ್ಷದ ವಿಭಾಗ ಮಟ್ಟದ ವಾಲಿಬಾಲ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ, ಎರಡನೆಯ ಸೆಟ್ ಅರ್ಧಕ್ಕೆ ಬರುವ ಮೊದಲೇ ನಮ್ಮ ಜಿಲ್ಲೆಯ ಬಾಲಕಿಯರ ತಂಡ ಐದು ಜನಕ್ಕೆ ಇಳಿಯಿತು. ಎಂಟು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆವು. ಒಬ್ಬಳ ಮಂಡಿ ಕೈಕೊಟ್ಟಿತು, ಒಬ್ಬಳ ಪಾದದ ಗಿಣ್ಣು ಉಳುಕಿತು, ಒಬ್ಬಳಿಗೆ ಭುಜ ಎತ್ತಲಾಗಲಿಲ್ಲ. ಐವರು ನಿಂತು ಆಡುವುದನ್ನು ನಿಯಮ ಒಪ್ಪುವುದಿಲ್ಲವಾದ್ದರಿಂದ ಪಂದ್ಯವನ್ನು ಎದುರಾಳಿಗೆ ಒಪ್ಪಿಸಿ ಹೊರಬಂದೆವು.

ಸೋತದ್ದನ್ನು ನಾನು ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ನಲ್ಲಿಯ ಬಳಿ ನಡೆದದ್ದು. ಎದುರಾಳಿ ತಂಡದ ವ್ಯವಸ್ಥಾಪಕರು, ಪಕ್ಕದ ಜಿಲ್ಲೆಯವರು, ಖಾರದ ಪುಡಿ ಸವರಿದ ಸೌತೆಕಾಯಿಯ ಹೋಳನ್ನು ಅಗಿಯುತ್ತ ನನ್ನ ಮುಂದೆ ನಿಂತು ಹೇಳಿದರು: "ಅಕ್ಕಾರೆ, ಮುಂದಿನ ವರ್ಷ ಸುಮ್ನೆ ಬಸ್ಸು ಯಾಕೆ ಹತ್ತತೀರಿ? ಸೀದಾ ಆಂಬುಲೆನ್ಸ್‌ನಾಗೇ ಬಂದ್ಬಿಡ್ರಿ, ಅನುಕೂಲ ಆಕ್ಕತಿ."

ಸಮಯ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಅದನ್ನು ಅಲ್ಲಿಯೇ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದೆ: ಮುಂದಿನ ವರ್ಷ ಕೊನೆಯ ಚೆಂಡಿನವರೆಗೆ ಆರು ಜನ ಅಂಕಣದಲ್ಲಿ ನಿಂತಿರಬೇಕು. ಗೆಲ್ಲುವುದು, ಸೋಲುವುದು ಆಮೇಲಿನ ಮಾತು.

ಈ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಮೂವರು ಮೂವರಂತೆ ಹನ್ನೆರಡು ಹುಡುಗಿಯರನ್ನು ಆರಿಸಿ, ಚನ್ನಗಿರಿಯ ಪ್ರೌಢಶಾಲೆಯೊಂದರ ಮೈದಾನದಲ್ಲಿ ಇಪ್ಪತ್ತೊಂದು ದಿನಗಳ ಶಿಬಿರ ಏರ್ಪಡಿಸಿದರು. ನಿವೃತ್ತಳಾದ ದೈಹಿಕ ಶಿಕ್ಷಣ ಶಿಕ್ಷಕಿಯಾದ ನನ್ನನ್ನು ಮತ್ತೆ ತಂಡದ ವ್ಯವಸ್ಥಾಪಕಿಯೆಂದು ಕರೆದರು. ತರಬೇತುದಾರನಾಗಿ ಬಂದವನು ಹೊಸಬ. ವಯಸ್ಸು ಇಪ್ಪತ್ತೆಂಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಸದಾ ಮೊಬೈಲು. ಮೊದಲ ದಿನವೇ ನನಗೆ ನೆರಳಿನ ಕುರ್ಚಿಯತ್ತ ಕೈತೋರಿಸಿ, "ಮೇಡಂ, ನೀವು ಆರಾಮಾಗಿ ಕೂತ್ಕಂಡು ಊಟ ತಿಂಡಿ ನೋಡ್ಕಳ್ರಿ ಸಾಕು. ಆಟದ್ದು ನಂಗೆ ಬಿಡ್ರಿ" ಎಂದ. ಅದನ್ನೂ ಬರೆದುಕೊಂಡೆ.

ಊಟ ತಿಂಡಿಯ ಜೊತೆಗೆ ಮೈದಾನದ ಶಿಸ್ತೂ ವ್ಯವಸ್ಥಾಪಕಿಯದೇ ಎಂಬುದು ಅವನಿಗೆ ತಿಳಿದಿರಲಿಲ್ಲ. ನೆಟ್ಟಿನ ಎತ್ತರವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆದೆ. ಸುಣ್ಣದ ಗೆರೆಗಳನ್ನು ನಾನೇ ನಿಂತು ಎಳೆಸಿದೆ. ಯಾರು ಯಾವ ಕೆಲಸ ಮಾಡಬೇಕೆಂದು ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟಿದ್ದ ಮೊದಲ ಪುಟದಲ್ಲಿ ಹನ್ನೊಂದು ನಿಯಮಗಳನ್ನು ಬರೆದು ಹುಡುಗಿಯರಿಗೆ ಓದಿಹೇಳಿದೆ. ಕುಡಿಯುವ ನೀರು ಯಾರು ತರಬೇಕು, ಚೆಂಡಿಗೆ ಗಾಳಿ ಯಾರು ತುಂಬಬೇಕು, ಹೊಡೆದ ಚೆಂಡುಗಳನ್ನು ಯಾರು ಹೆಕ್ಕಿ ಹಿಂದಿರುಗಿಸಬೇಕು. ಚೆಂಡನ್ನು ನೆಟ್ಟಿನ ಕೆಳಗೆ ಉರುಳಿಸಿ ಕೊಡುವುದನ್ನು ನಾನು ಕಟ್ಟುನಿಟ್ಟಾಗಿ ನಿಷೇಧಿಸಿದೆ. ಕಳೆದ ವರ್ಷ ಉಳುಕಿದ ಪಾದ ಉರುಳಿ ಬಂದ ಚೆಂಡಿನ ಮೇಲೆ ಇಟ್ಟ ಪಾದವಾಗಿತ್ತು. ಚೆಂಡು ಗಾಳಿಯಲ್ಲೇ, ನೆಟ್ಟಿನ ಮೇಲಿನಿಂದಲೇ ಬರತಕ್ಕದ್ದು. ಈ ನಿಯಮದ ಬಗ್ಗೆ ನನಗೆ ವಿಶೇಷವಾದ ಹೆಮ್ಮೆಯಿತ್ತು.

ಎರಡು ದಿನ ಅಭ್ಯಾಸ ಮುಗಿದ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೇಳಿದೆ, "ಯಾರಿಗಾದರೂ ಎಲ್ಲಿಯಾದರೂ ನೋವಿದೆಯಾ?"

"ಇಲ್ಲ ಮೇಡಂ" ಎಂದರು ಹನ್ನೆರಡೂ ಜನ ಒಂದೇ ದನಿಯಲ್ಲಿ. ಆಮೇಲೆ ಮೆಟ್ಟಿಲು ಇಳಿಯುವಾಗ ಐವರು ಗೋಡೆ ಹಿಡಿದುಕೊಂಡು ಇಳಿದರು.

ಅವರ ಭಯ ನನಗೆ ಅರ್ಥವಾಗದ್ದಲ್ಲ. ನೋವೆಂದರೆ ತರಬೇತುದಾರ ಬೆಂಚಿಗೆ ಕೂರಿಸುತ್ತಾನೆ. ಮನೆಗೆ ಗೊತ್ತಾದರೆ ಅಪ್ಪನೋ ಮಾವನೋ ಬೈಕು ಹತ್ತಿ ಬಂದು ಕರೆದೊಯ್ಯುತ್ತಾರೆ. ಹೊನ್ನಾಳಿಯ ಎತ್ತರದ ಹುಡುಗಿ, ಹಾರಿ ಚೆಂಡು ಹೊಡೆಯುವ ನಮ್ಮ ಮುಖ್ಯ ಅಟ್ಯಾಕರ್, ಮಂಡಿಗೆ ಕದ್ದು ಮುಲಾಮು ಹಚ್ಚುತ್ತಿದ್ದುದು ಅದರ ವಾಸನೆಯಿಂದಲೇ ನನಗೆ ತಿಳಿದಿತ್ತು. ಕೇಳಿದರೆ, "ತಲೆನೋವಿಗೆ ಮೇಡಂ" ಎಂದಳು. ತಲೆನೋವಿಗೆ ಮಂಡಿಗೆ ಹಚ್ಚುವ ಮುಲಾಮನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಾಯಿ ಬಿಡದವರಿಂದ ನೋವನ್ನು ಪಡೆಯಲು ಬೇರೆ ದಾರಿ ಬೇಕಾಗಿತ್ತು. ಮೂರನೆಯ ದಿನ ಮನೆಗೆ ಹೋಗಿ ನನ್ನ ತಾಯಿಯ ಕಾಲದ ಅಳಗುಳಿ ಮಣೆಯನ್ನೂ ಒಂದು ಡಬ್ಬಿ ಹುಣಸೆ ಬೀಜವನ್ನೂ ತಂದೆ. ಮಣೆಗೆ ಎರಡು ಸಾಲು, ಸಾಲಿಗೆ ಏಳು ಗುಳಿ. ಮೇಲಿನ ಸಾಲು ದೇಹದ ಬಲಭಾಗ, ಕೆಳಗಿನದು ಎಡಭಾಗವೆಂದು ಗೊತ್ತುಮಾಡಿದೆ. ಭುಜ, ಮೊಣಕೈ, ಅಂಗೈ-ಬೆರಳು, ಸೊಂಟ, ಮಂಡಿ, ಮೀನಖಂಡ, ಪಾದದ ಗಿಣ್ಣು. ಒಂದೊಂದು ಗುಳಿಯ ಅಂಚಿಗೂ ಚೀಟಿ ಅಂಟಿಸಿದೆ. ಆಟದ ಸಾಮಾನಿನ ಕೋಣೆಯಲ್ಲಿ ಮಣೆಯನ್ನಿಟ್ಟು, ಪ್ರತಿ ಸಂಜೆ ಒಬ್ಬೊಬ್ಬರೇ ಒಳಗೆ ಹೋಗಿ, ಎಲ್ಲಿ ಎಷ್ಟು ನೋವೋ ಅಲ್ಲಿ ಅಷ್ಟು ಬೀಜ ಹಾಕಿ ಬರಬೇಕೆಂದು ಹೇಳಿದೆ. ಏನೂ ಇಲ್ಲದಿದ್ದರೆ ಖಾಲಿ, ತಡೆಯಲಾಗದಿದ್ದರೆ ಹತ್ತು. ಒಬ್ಬೊಬ್ಬರು ಹೊರಬಂದ ಮೇಲೆ ನಾನು ಎಣಿಸಿ ಬರೆದುಕೊಂಡು ಮಣೆಯನ್ನು ಬರಿದು ಮಾಡುವುದು. ಯಾರ ಹೆಸರನ್ನೂ ತರಬೇತುದಾರನಿಗೆ ಹೇಳುವುದಿಲ್ಲ, ಮನೆಗೆ ತಿಳಿಸುವುದಿಲ್ಲವೆಂದು ಮಾತು ಕೊಟ್ಟೆ. ಅವನಿಗೆ ಸಿಗುವುದು ಯಾವ ಸ್ಥಾನದಲ್ಲಿ ಆಡುವವರಿಗೆ ಎಲ್ಲಿ ನೋವು ಎಂಬ ಮೊತ್ತ ಮಾತ್ರ.

ತರಬೇತುದಾರ ಬಾಗಿಲಲ್ಲಿ ಇಣುಕಿ ನೋಡಿ ನಕ್ಕ. "ಮೇಡಂ, ಇದು ವಾಲಿಬಾಲ್ ಕ್ಯಾಂಪಾ, ಗೌರಿ ಹಬ್ಬನಾ?"

ಬರೆದುಕೊಂಡೆ.

ಮೊದಲ ಸಂಜೆಯ ಫಲಿತಾಂಶ ನನ್ನನ್ನು ದಂಗುಬಡಿಸಿತು. ನ್ಯಾಮತಿ ತಾಲ್ಲೂಕು ಸವಳಂಗದ ಹುಡುಗಿ ಹೊರಬಂದ ಮೇಲೆ ಒಳಗೆ ಹೋಗಿ ನೋಡಿದರೆ ಹದಿನಾಲ್ಕೂ ಗುಳಿಗಳಲ್ಲಿ ಬೀಜಗಳು ತುಂಬಿದ್ದವು. ಅವಳು ನಮ್ಮ ಬ್ಲಾಕರ್, ನೆಟ್ಟಿನ ಮುಂದೆ ಹಾರಿ ಎದುರಾಳಿಯ ಹೊಡೆತವನ್ನು ತಡೆಯುವವಳು. ಮೈಯೆಲ್ಲ ನೋವಿರುವ ಮಗುವನ್ನು ಆಡಿಸಿದೆವಲ್ಲ ಎಂದು ಗಾಬರಿಯಾಗಿ ಕರೆದೆ. "ಅಯ್ಯೋ ಇಲ್ಲ ಮೇಡಂ" ಎಂದಳು. "ಮಣೆ ನೋಡಿ ಭಾಳ ದಿನ ಆಗಿತ್ತು. ಒಬ್ಳೇ ಎರಡೂ ಕಡೆಗೆ ಒಂದಾಟ ಆಡ್ಬಿಟ್ಟೆ. ಎಡಗಡೆ ಗೆದ್ದತಿ." ಅವಳನ್ನು ಮತ್ತೆ ಒಳಗೆ ಕಳುಹಿಸಿದೆ. ಈ ಸಲ ಬಲ ಪಾದದ ಗಿಣ್ಣಿಗೆ ನಾಲ್ಕು, ಎಡ ಬೆರಳಿಗೆ ಮೂರು.

ಒಂದು ವಾರ ಕಳೆಯುವಷ್ಟರಲ್ಲಿ ನನ್ನ ಪಟ್ಟಿಯ ಕಾಲಂಗಳು ತಾವಾಗಿಯೇ ಮಾತಾಡತೊಡಗಿದವು. ಹೊಡೆಯುವ ಅಟ್ಯಾಕರ್‌ಗಳ ಬೀಜಗಳೆಲ್ಲ ಬಲ ಭುಜದಲ್ಲೂ ಮಂಡಿಯಲ್ಲೂ. ಬ್ಲಾಕರ್‌ಗಳಿಗೆ ಪಾದದ ಗಿಣ್ಣು ಮತ್ತು ಬೆರಳು. ಅದೇ ನ್ಯಾಮತಿ ಕಡೆಯ ಗೋವಿನಕೋವಿಯ ಹುಡುಗಿ ನಮ್ಮ ಸೆಟ್ಟರ್, ಬಂದ ಚೆಂಡನ್ನು ಬೆರಳ ತುದಿಯಿಂದ ಎತ್ತಿ ಹೊಡೆಯುವವರಿಗೆ ಒದಗಿಸುವವಳು. ಅವಳಿಗೆ ಹತ್ತೂ ಬೆರಳು ಮತ್ತು ಸೊಂಟ. ತಾಲ್ಲೂಕು ಆಸ್ಪತ್ರೆಯಿಂದ ಪ್ರತಿ ಬುಧವಾರ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ನನ್ನ ನೋಟ್‌ಬುಕ್ಕನ್ನು ಎರಡು ಸಲ ತಿರುವಿ ಹಾಕಿ, "ಮೇಡಂ, ಮೈಯೊಳಗೆ ಹೊಕ್ಕು ನೋಡಿದ ಹಾಗೆ ಬರೆದಿಟ್ಟಿದ್ದೀರಿ. ಯಾರು ಎಲ್ಲಿ ಆಡ್ತಾರೆ ಅನ್ನೋದನ್ನ ಹೇಳದೇ ಇದ್ರೂ ಬೀಜ ನೋಡಿ ಹೇಳಬಹುದು" ಎಂದರು. ಆ ಹೆಣ್ಣುಮಗಳ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಆಕ್ಷೇಪವೂ ಇಲ್ಲ.

ನೋವಿಗೆ ವಿಳಾಸ ಸಿಕ್ಕಿತೆಂದರೆ ಕಾರಣವನ್ನು ಹುಡುಕುವುದು ಸುಲಭ. ಸೆಟ್ಟರ್‌ನ ಬೆರಳಿನ ಕಾರಣ ಚೆಂಡಿನಲ್ಲೇ ಇತ್ತು. ನಮ್ಮ ಕಡೆ ಚೆಂಡನ್ನು ಬಡಿದರೆ ಟಣ್ ಎನ್ನಬೇಕೆಂಬ ನಂಬಿಕೆ. ಸೈಕಲ್ ಪಂಪಿನಿಂದ ಕಲ್ಲಿನಂತೆ ಗಾಳಿ ತುಂಬುತ್ತಾರೆ. ಗೇಜ್ ತರಿಸಿ ಅಳೆದರೆ ಹನ್ನೆರಡು ಚೆಂಡುಗಳಲ್ಲಿ ಒಂಬತ್ತರಲ್ಲಿ ಗಾಳಿ ಮಿತಿಮೀರಿತ್ತು. ಸರಿಪಡಿಸಿದ ಮೂರನೆಯ ಸಂಜೆಗೆ ಗೋವಿನಕೋವಿಯ ಹುಡುಗಿಯ ಬೀಜಗಳು ಏಳರಿಂದ ಎರಡಕ್ಕೆ ಇಳಿದವು.

ಅಟ್ಯಾಕರ್‌ಗಳ ಮಂಡಿಯ ಕಾರಣ ನೆಲ. ಹಿಂದಿನ ವಾರ ಯಾರೋ ಭಕ್ತಿಯಿಂದ ನೀರು ಹಾಕಿ, ರೋಲರ್ ಎಳೆದು ಅಂಕಣವನ್ನು ಸಿಮೆಂಟಿನ ಕಣದಂತೆ ಮಾಡಿಟ್ಟಿದ್ದರು. ನೋಡಲು ಅಂದವಾಗಿತ್ತು. ಅದರ ಮೇಲೆ ದಿನಕ್ಕೆ ನೂರಾರು ಸಲ ಹಾರಿ ಇಳಿಯುವವಳ ಮಂಡಿಯನ್ನು ಯಾರೂ ಕೇಳಿರಲಿಲ್ಲ. ನಾನು ಸೂಳೆಕೆರೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿ ಟಿಲ್ಲರ್ ತರಲು ಹೇಳಿದೆ.

ಅವನು ಬಂದು ಅಂಕಣದ ನಡುವೆ ಯಂತ್ರ ನಿಲ್ಲಿಸಿ ತಲೆ ಕೆರೆದುಕೊಂಡ. "ಏನ್ರೀ ಮೇಡಂ, ಇಲ್ಲಿ ಮೆಕ್ಕೆಜೋಳ ಬಿತ್ತಾಕೆ ಹೊಂಟೀರಾ?"

"ಹುಡುಗೀರನ್ನ ಬಿತ್ತತೀನಿ. ನಾಲ್ಕು ಇಂಚು ಮಾತ್ರ ಇಳಿಸು, ಜಾಸ್ತಿ ಬೇಡ."

ತರಬೇತುದಾರ ಓಡಿಬಂದ. "ಮೇಡಂ, ಗ್ರೌಂಡ್ ಹಾಳು ಮಾಡ್ತಾ ಇದೀರಿ."

"ಗ್ರೌಂಡ್ ಮತ್ತೆ ಮಾಡ್ಬೋದು. ಮಂಡಿ ಮತ್ತೆ ಮಾಡ್ತೀರಾ?"

ಉತ್ತ ಮಣ್ಣಿಗೆ ಮರಳು ಬೆರೆಸಿ, ತೆಳುವಾಗಿ ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿಸಿದೆವು. ಒಂದು ದಿನದ ಅಭ್ಯಾಸ ಹೋಯಿತು. ನಾಲ್ಕು ದಿನ ಕಳೆದ ಮೇಲೆ ಹೊನ್ನಾಳಿಯ ಹುಡುಗಿಯ ಮುಲಾಮಿನ ವಾಸನೆಯೂ ಹೋಯಿತು. ಅವಳ ತಲೆನೋವು ವಾಸಿಯಾಯಿತೇ ಎಂದು ವಿಚಾರಿಸಿದೆ. ನಾಚಿ ಓಡಿದಳು.

ಎಲ್ಲವೂ ನನ್ನ ಪಟ್ಟಿಗೆ ವಿಧೇಯವಾಗಿದ್ದವು, ಒಂದನ್ನು ಬಿಟ್ಟು. ಜಗಳೂರಿನ ಹುಡುಗಿ ನಮ್ಮ ಲಿಬೆರೊ. ತಂಡದಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು, ಹಿಂದಿನ ಸಾಲಿನಲ್ಲಿ ಮಾತ್ರ ಆಡುವವಳು. ನೆಲಕ್ಕೆ ಬೀಳುವ ಚೆಂಡನ್ನು ಬಿದ್ದಾದರೂ ಎತ್ತುವುದು ಅವಳ ಕೆಲಸ. ಅವಳು ಸರ್ವ್ ಮಾಡುವಂತಿಲ್ಲ, ಹೊಡೆಯುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ. ಅವಳಿಗೆ ಮಂಡಿ ತರಚಬೇಕು, ಸೊಂಟ ನೋಯಬೇಕು. ಆದರೆ ಅವಳ ಬೀಜಗಳು ದಿನದಿನವೂ ಬಲ ಭುಜದ ಗುಳಿಯಲ್ಲಿ ಏರುತ್ತಿದ್ದವು. ಎರಡು, ಮೂರು, ಮೂರು, ಐದು. ಮಣೆಯಿಟ್ಟ ಹತ್ತನೆಯ ಸಂಜೆ ಏಳು.

ನಾನು ಅವಳನ್ನು ಕೋಣೆಗೆ ಕರೆದೆ.

"ಬಲ ಯಾವುದು, ಎಡ ಯಾವುದು ಗೊತ್ತೈತಾ?"

"ಗೊತ್ತೈತ್ರೀ."

"ನೀನು ಕೈ ಎತ್ತಿ ಒಂದು ಚೆಂಡೂ ಹೊಡೆಯಲ್ಲ. ಭುಜ ಹೆಂಗೆ ನೋಯ್ತೈತೆ?"

"ಹೆಂಗೆ ಅಂತ ಗೊತ್ತಿಲ್ರೀ ಮೇಡಂ. ನೋಯ್ತೈತೆ."

"ಸವಳಂಗದವಳ ಹಂಗೆ ಆಟ ಆಡ್ತಿದೀಯಾ?"

ಅವಳು ಡಬ್ಬಿಯಿಂದ ಇನ್ನೊಂದು ಬೀಜ ತೆಗೆದು ಅದೇ ಗುಳಿಗೆ ಹಾಕಿ, ನಮಸ್ಕಾರ ಹೇಳಿ ಹೊರಟುಹೋದಳು. ಎಂಟು.

ಇಷ್ಟು ಅಚ್ಚುಕಟ್ಟಾದ ಪ್ರತಿಭಟನೆಯನ್ನು ನಾನು ಮೆಚ್ಚಲೇಬೇಕಾಯಿತು. ಆ ರಾತ್ರಿ ನಾನಾ ಊಹೆಗಳನ್ನು ಮಾಡಿದೆ. ನೀರಿನ ಕೊಡ ಹೊರುತ್ತಾಳೆಯೇ? ಆ ಕೆಲಸ ಬೇರೆಯವರದು. ಒಂದೇ ಮಗ್ಗುಲಿಗೆ ಮಲಗುತ್ತಾಳೆಯೇ? ಅವಳ ಪಕ್ಕದಲ್ಲಿ ಮಲಗುವ ಗೋವಿನಕೋವಿಯ ಹುಡುಗಿಯನ್ನು ಕೇಳಿದರೆ, "ಅವ್ಳು ನಿದ್ದೆಗಣ್ಣಾಗೆ ಕೋಣೆ ಎಲ್ಲಾ ಹೊಳ್ಳತಾಳೆ ಮೇಡಂ, ಮಗ್ಗಲು ಅಂತ ಒಂದೇ ಇಲ್ಲ" ಎಂದಳು.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ಅಂಕಣದ ಮೂಲೆಗೆ ಎಳೆದುಕೊಂಡು ಕುಳಿತೆ. ವಾಲಿಬಾಲ್ ನೋಡುವವರೆಲ್ಲ ಚೆಂಡನ್ನೇ ನೋಡುತ್ತಾರೆ. ನಾನೂ ಅಲ್ಲಿಯವರೆಗೆ ಅದನ್ನೇ ಮಾಡಿದ್ದೆ. ಅಂದು ಚೆಂಡು ಎಲ್ಲಿಗೆ ಹೋದರೂ ಕಣ್ಣನ್ನು ಜಗಳೂರಿನ ಹುಡುಗಿಯ ಮೇಲಿಂದ ತೆಗೆಯುವುದಿಲ್ಲವೆಂದು ನಿಶ್ಚಯಿಸಿದೆ.

ಮೊದಲ ಅರ್ಧ ಗಂಟೆ ಏನೂ ಕಾಣಲಿಲ್ಲ. ಬಿದ್ದಳು, ಎದ್ದಳು, ಎರಡೂ ಕೈ ಜೋಡಿಸಿ ಚೆಂಡೆತ್ತಿದಳು. ಆಮೇಲೆ ಹೊಡೆತದ ಅಭ್ಯಾಸ ಆರಂಭವಾಯಿತು. ತರಬೇತುದಾರ ನೆಟ್ಟಿನ ಬಳಿ ನಿಂತು ಚೆಂಡೆತ್ತಿ ಕೊಡುತ್ತಾನೆ, ಅಟ್ಯಾಕರ್‌ಗಳು ಸಾಲಾಗಿ ಓಡಿಬಂದು ಹೊಡೆಯುತ್ತಾರೆ. ಹೊಡೆದ ಚೆಂಡು ಆಚೆ ಬದಿಯ ಗೆರೆಯನ್ನೂ ದಾಟಿ ಬೇಲಿಯವರೆಗೆ ಹೋಗುತ್ತದೆ. ಅಲ್ಲಿ ಜಗಳೂರಿನ ಹುಡುಗಿ ಅದನ್ನು ಹೆಕ್ಕಿ, ಬಲಗೈಯನ್ನು ತಲೆಯ ಹಿಂದಕ್ಕೆ ಒಯ್ದು, ಇಡೀ ಅಂಕಣವನ್ನು ದಾಟುವಂತೆ ನೆಟ್ಟಿನ ಮೇಲಿನಿಂದ ಬೀಸಿ ಎಸೆಯುತ್ತಾಳೆ. ಅದು ತಲುಪುವ ಮೊದಲೇ ಇನ್ನೊಂದು ಚೆಂಡು ಬಂದಿರುತ್ತದೆ. ಅದನ್ನೂ ಎಸೆಯುತ್ತಾಳೆ.

ನಾನು ಎಣಿಸತೊಡಗಿದೆ. ಆರು ಜನ ಅಟ್ಯಾಕರ್‌ಗಳೂ ಬ್ಲಾಕರ್‌ಗಳೂ ಹೊಡೆದದ್ದನ್ನೆಲ್ಲ ಒಬ್ಬಳೇ ಎಸೆಯುತ್ತಿದ್ದಳು. ಇನ್ನೂರು ದಾಟಿದ ಮೇಲೆ ಎಣಿಸುವುದನ್ನು ನಿಲ್ಲಿಸಿದೆ. ತಂಡದಲ್ಲಿ ಯಾವ ಅಟ್ಯಾಕರ್‌ನ ಭುಜವೂ ಆ ಬೆಳಿಗ್ಗೆ ಅವಳ ಭುಜದಷ್ಟು ದುಡಿದಿರಲಿಲ್ಲ.

ಕೋಪ ನೆತ್ತಿಗೇರಿತು. ಎದ್ದು ತರಬೇತುದಾರನ ಬಳಿಗೆ ಹೋಗಿ ಸೀಟಿ ಊದಿಸಿ ಅಭ್ಯಾಸ ನಿಲ್ಲಿಸಿದೆ. "ಈ ಹುಡುಗಿ ಒಬ್ಬಳ ಕೈಲೇ ಎಲ್ಲಾ ಚೆಂಡು ಎಸೆಸಾಕೆ ಯಾರು ಹೇಳಿದ್ದು ನಿಮಗೆ?"

ಅವನು ಸೀಟಿಯನ್ನು ಬಾಯಿಂದ ತೆಗೆದು, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಹೇಳಿದ: "ನೀವೇ, ಮೇಡಂ."

ನೋಟ್‌ಬುಕ್ಕಿನ ಮೊದಲ ಪುಟ ತೆಗೆದೆ. ಏಳನೆಯ ನಿಯಮ, ನನ್ನದೇ ಅಕ್ಷರ: "ಚೆಂಡನ್ನು ನೆಟ್ಟಿನ ಕೆಳಗೆ ಉರುಳಿಸಕೂಡದು. ಮೇಲಿನಿಂದಲೇ ಎಸೆದು ಕೊಡತಕ್ಕದ್ದು. ಹೊಣೆ: ಲಿಬೆರೊ, ಅವಳಿಗೆ ಬೇರೆ ಕೆಲಸವಿಲ್ಲವಾದ್ದರಿಂದ."

ಎದುರಾಳಿಯ ಸೌತೆಕಾಯಿಯನ್ನೂ ತರಬೇತುದಾರನ ಗೌರಿ ಹಬ್ಬವನ್ನೂ ದಿನಾಂಕ ಸಮೇತ ಬರೆದಿಟ್ಟ ಪುಸ್ತಕದ ಮೊದಲ ಪುಟದಲ್ಲೇ ಆ ಮಾತು ಶಿಬಿರದ ಆರಂಭದಿಂದಲೂ ಕುಳಿತಿತ್ತು. ಅದನ್ನು ನಾನು ಹನ್ನೆರಡು ಜನರ ಮುಂದೆ ಗಟ್ಟಿಯಾಗಿ ಓದಿಯೂ ಇದ್ದೆ. ಅಂದು ಆ ಹುಡುಗಿ ತಲೆಯಾಡಿಸಿ ಬೇಲಿಯ ಕಡೆಗೆ ನಡೆದಿದ್ದಳು.

ಅಂದು ಬುಧವಾರವಾದದ್ದು ಪುಣ್ಯ. ಫಿಸಿಯೋಥೆರಪಿಸ್ಟ್ ಭುಜವನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಅಲ್ಲಲ್ಲಿ ಒತ್ತಿ, ಅವಳ ಮುಖವನ್ನು ನೋಡಿ ಹೇಳಿದರು: "ಹರಿದಿಲ್ಲ. ಬಳಲಿದೆ. ಹತ್ತು ದಿನ ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತೋದು ಬೇಡ. ಕೆಳಗಿನಿಂದ ಚೆಂಡು ಎತ್ತೋದಕ್ಕೆ ಅಡ್ಡಿಯಿಲ್ಲ. ಹೀಗೇ ಎಸೀತಾ ಹೋದ್ರೆ ಮಾತ್ರ ಪಂದ್ಯದ ಹೊತ್ತಿಗೆ ಇವಳು ಇರಲ್ಲ."

ತರಬೇತುದಾರ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ರಿಸ್ಕ್ ಬೇಡ. ಚನ್ನಗಿರಿಯ ಹುಡುಗಿ ಒಬ್ಳು ಅದಾಳೆ, ಅವಳನ್ನ ಲಿಬೆರೊ ಮಾಡಾಣ. ಇವಳು ಊರಿಗೆ ಹೋಗಿ ರೆಸ್ಟ್ ತಗಳ್ಳಿ."

"ತಪ್ಪು ನಂದು. ಊರಿಗೆ ಹೋಗೋಳು ಅವಳಾ?"

"ಹಂಗಲ್ಲ ಮೇಡಂ. ಕೊನೇ ಚೆಂಡಿನ ತನಕ ಆರು ಜನ ನಿಂತಿರಬೇಕು ಅಂತ ದಿನಾ ಹೇಳೋರು ನೀವೇ. ಮಧ್ಯದಾಗೆ ಇವಳು ಕೂತ್ರೆ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಆದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಎಂಟು ಬೀಜ ಹಾಕಿದ ಸಂಜೆಯೂ ಆ ಹುಡುಗಿ ಅಭ್ಯಾಸದಲ್ಲಿ ಒಂದು ಚೆಂಡನ್ನೂ ಬಿಟ್ಟಿರಲಿಲ್ಲ. ನೋವು ಅವಳ ಆಟದಿಂದ ಬಂದದ್ದಲ್ಲ, ನನ್ನ ನಿಯಮದಿಂದ ಬಂದದ್ದು. ಆದ್ದರಿಂದ ತಂಡದಿಂದ ತೆಗೆಯಬೇಕಾದದ್ದು ನಿಯಮವನ್ನು. ಅವಳು ಇರುತ್ತಾಳೆ, ಹೊಣೆ ನನ್ನದೆಂದು ಹೇಳಿದೆ. ಬರೆದುಕೊಡಬೇಕೇ ಎಂದು ಕೇಳಿದೆ. "ಬ್ಯಾಡ ಬಿಡ್ರಿ, ನಿಮ್ಮ ಪುಸ್ತಕದಾಗೆ ಹೆಂಗೂ ಬರೀತೀರಿ" ಎಂದ. ಅಂದಿನಿಂದ ಅವನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಸುಧಾರಿಸಿತು.

ಸಂಜೆ ಹನ್ನೆರಡು ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ ಏಳನೆಯ ನಿಯಮವನ್ನು ಮತ್ತೆ ಓದಿದೆ. ಅದರ ಮೇಲೆ ಕೆಂಪು ಗೆರೆ ಎಳೆದು ತೋರಿಸಿದೆ. ಲಿಬೆರೊಗೆ ಬೇರೆ ಕೆಲಸವಿಲ್ಲವೆಂದು ಬರೆದದ್ದು ತಪ್ಪು, ಅವಳ ಬೀಜವನ್ನು ಸುಳ್ಳೆಂದದ್ದು ಇನ್ನೂ ದೊಡ್ಡ ತಪ್ಪು ಎಂದು ಹೇಳಿದೆ. ಜಗಳೂರಿನ ಹುಡುಗಿ ಕಾಲಿನ ಹೆಬ್ಬೆರಳಿನಿಂದ ಮರಳಿನಲ್ಲಿ ಗೆರೆ ಎಳೆಯುತ್ತ, "ಇರ್ಲಿ ಬಿಡ್ರೀ ಮೇಡಂ" ಎಂದಳು. ಜೊತೆಗೇ ಸೇರಿಸಿದಳು, "ಆದ್ರೆ ಎಂಟು ಬೀಜ ನಿಜವಾಗ್ಲೂ ಇತ್ತು."

ಇನ್ನು ಚೆಂಡನ್ನು ಹಿಂದಿರುಗಿಸುವ ಬಗೆ ಹೇಗೆ? ಉರುಳಿಸುವಂತಿಲ್ಲ, ಎಸೆಯುವಂತಿಲ್ಲ. ಸಂತೆಯಿಂದ ಎರಡು ಟೊಮ್ಯಾಟೊ ಕ್ರೇಟ್ ತರಿಸಿ, ಒಂದೊಂದಕ್ಕೂ ಎರಡು ತುದಿಗೆ ಹಗ್ಗ ಕಟ್ಟಿ, ಅಂಕಣದ ಹೊರಗೆ ಪಕ್ಕದ ಗೆರೆಯ ಉದ್ದಕ್ಕೂ ಎಳೆಯುವ ವ್ಯವಸ್ಥೆ ಮಾಡಿದೆ. ಆಚೆ ತುದಿಯಲ್ಲಿ ಕ್ರೇಟ್ ತುಂಬಿದರೆ ಈಚೆಯವರು ಎಳೆದುಕೊಳ್ಳುವುದು, ಖಾಲಿಯಾದರೆ ಆಚೆಯವರು. ಸರದಿಗೆ ಕಾಯುವ ಹುಡುಗಿಯರು ಈಚೆ ತುದಿ ಹಿಡಿದರು. ಆಚೆ ತುದಿಯ ಹಗ್ಗವನ್ನು ನಾನು ಹಿಡಿದೆ.

ಮೊದಲ ದಿನದ ಕೊನೆಗೆ ಸವಳಂಗದ ಹುಡುಗಿ ಮಣೆಯನ್ನೇ ಹೊತ್ತು ತಂದು ನನ್ನ ಮುಂದಿಟ್ಟಳು. "ಮೇಡಂ, ನಿಮ್ಮ ಬೀಜ ಹಾಕ್ರಿ."

"ನಾನು ಆಟಗಾರ್ತಿಯಲ್ಲ."

"ಹಗ್ಗ ಎಳೆಯೋರು ಅಂತ ಒಂದು ಕಾಲಂ ಮಾಡ್ಕಳ್ರಿ."

ಸೊಂಟಕ್ಕೆ ಎಡದಲ್ಲಿ ಆರು, ಬಲದಲ್ಲಿ ಐದು ಹಾಕಿದೆ. ಹುಡುಗಿಯರು ಸಾಲಾಗಿ ಬಂದು ಭಕ್ತಿಯಿಂದ ಎಣಿಸಿ ಹೋದರು. ಮರುದಿನ ಕುರ್ಚಿಯ ಬಳಿ ಹೋಗಿ ನೋಡಿದರೆ ಆಚೆ ತುದಿಯ ಹಗ್ಗ ತರಬೇತುದಾರನ ಕೈಯಲ್ಲಿತ್ತು. ಚೆಂಡೆತ್ತಿ ಕೊಡುವ ಕೆಲಸವನ್ನು ಅವನು ಗೋವಿನಕೋವಿಯ ಸೆಟ್ಟರ್‌ಗೆ ಒಪ್ಪಿಸಿದ್ದ. "ನೀವು ಊಟ ತಿಂಡಿ ನೋಡ್ಕಳ್ರಿ ಮೇಡಂ" ಎಂದ. ಈ ಸಲ ಅದನ್ನು ಬರೆದುಕೊಳ್ಳಲಿಲ್ಲ.

ಜಗಳೂರಿನ ಹುಡುಗಿಯ ಬಲ ಭುಜದ ಗುಳಿ ಒಂದೊಂದೇ ಬೀಜದಂತೆ ಬರಿದಾಗುತ್ತ ಬಂದಿತು. ಶಿಬಿರ ಮುಗಿಯುವ ದಿನ ಅದರಲ್ಲಿ ಒಂದು ಮಾತ್ರ ಉಳಿದಿತ್ತು. ಯಾವ ನೋಟ್‌ಬುಕ್ಕಿನಲ್ಲಿ ನಾನು ತಪ್ಪು ಬರೆದಿದ್ದೆನೋ ಅದೇ ನೋಟ್‌ಬುಕ್ಕಿನ ಪಟ್ಟಿ ತಪ್ಪನ್ನು ಹಿಡಿದುಕೊಟ್ಟಿತೆಂಬುದು ಸ್ವಲ್ಪ ಸಮಾಧಾನ.

ಪಂದ್ಯಾವಳಿಗೆ ಬಸ್ಸಿನಲ್ಲಿಯೇ ಹೋದೆವು. ಮೊದಲ ಎರಡು ಪಂದ್ಯ ಗೆದ್ದೆವು, ಸೆಮಿಫೈನಲ್‌ನಲ್ಲಿ ನಮಗಿಂತ ಬಲವಾದ ತಂಡಕ್ಕೆ ಮರ್ಯಾದೆಯಿಂದ ಸೋತೆವು. ಮೂರನೆಯ ಸ್ಥಾನಕ್ಕೆ ನಮ್ಮ ಎದುರು ನಿಂತವರು ಪಕ್ಕದ ಜಿಲ್ಲೆಯವರು, ಸೌತೆಕಾಯಿಯ ತಂಡ. ಇದನ್ನು ನಾನು ಏರ್ಪಡಿಸಿದ್ದಲ್ಲ. ಏರ್ಪಡಿಸುವ ಅಧಿಕಾರವಿದ್ದಿದ್ದರೆ ಹೀಗೆಯೇ ಏರ್ಪಡಿಸುತ್ತಿದ್ದೆ.

ಎರಡು ಸೆಟ್ ಅವರದು, ಎರಡು ಸೆಟ್ ನಮ್ಮದು. ಐದನೆಯ ಸೆಟ್ಟಿಗೆ ಹದಿನೈದು ಅಂಕ. ಹನ್ನೊಂದು ಹನ್ನೊಂದು ಆದಾಗ ಹೊನ್ನಾಳಿಯ ಹುಡುಗಿ ಹಾರಿ ಇಳಿಯುವಾಗ ಒಂದು ಕ್ಷಣ ಕುಂಟಿದಂತೆ ಕಂಡಿತು. ತರಬೇತುದಾರ ನನ್ನ ಕಡೆ ತಿರುಗಿ ನೋಡಿದ. ಹಿಂದಿನ ಸಂಜೆಯ ಅವಳ ಮಂಡಿಯ ಬೀಜ ನನಗೆ ಬಾಯಿಪಾಠವಿತ್ತು. ಅವಳ ಹೆಸರನ್ನು ಹೇಳದೆಯೇ ಎರಡು ಬೆರಳು ತೋರಿಸಿದೆ. ಅವನು ತಲೆಯಾಡಿಸಿ ಅವಳನ್ನು ಅಂಕಣದಲ್ಲೇ ಬಿಟ್ಟ.

ಹದಿನಾಲ್ಕು ಹದಿಮೂರು, ನಾವು ಮುಂದೆ. ಎದುರಾಳಿಯ ಹೊಡೆತಗಾರ್ತಿ ಎತ್ತರದಿಂದ ನಮ್ಮ ಎಡ ಮೂಲೆಗೆ ಬೀಸಿದಳು. ಸವಳಂಗದ ಹುಡುಗಿಯ ಬೆರಳಿಗೆ ತಗುಲಿ ಚೆಂಡು ದಿಕ್ಕು ಬದಲಿಸಿತು. ನಾನು ಚೆಂಡನ್ನು ನೋಡಲಿಲ್ಲ. ಜಗಳೂರಿನ ಹುಡುಗಿಯನ್ನೇ ನೋಡುತ್ತಿದ್ದೆ; ಅದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅವಳು ಆಗಲೇ ಅಲ್ಲಿದ್ದಳು. ಎರಡೂ ಕೈ ನೀಡಿ ಎದೆಯ ಮೇಲೆ ಜಾರಿ, ನೆಲಕ್ಕೂ ಚೆಂಡಿಗೂ ನಡುವೆ ಅಂಗೈ ಇಟ್ಟಳು. ಚೆಂಡು ಎದ್ದಿತು. ಗೋವಿನಕೋವಿಯ ಬೆರಳುಗಳು ಅದನ್ನು ಮೆತ್ತಗೆ ಎತ್ತಿದವು. ಹೊನ್ನಾಳಿಯ ಹುಡುಗಿ ಹಾರಿದಳು, ಎಲ್ಲರೂ ಹೊಡೆತವನ್ನು ಕಾಯುತ್ತಿದ್ದಾಗ ಬ್ಲಾಕಿನ ಹಿಂದಕ್ಕೆ ಮೆಲ್ಲಗೆ ತಟ್ಟಿದಳು.

ಚೆಂಡು ಅವರ ಅಂಕಣದಲ್ಲಿ ನೆಲ ಮುಟ್ಟಿದಾಗ ನಾನು ನಮ್ಮವರನ್ನು ಎಣಿಸಿದೆ. ಜಗಳೂರಿನ ಹುಡುಗಿ ಎದ್ದು ಎದೆಯ ಮಣ್ಣು ಕೊಡವಿಕೊಳ್ಳುತ್ತಿದ್ದಳು. ಆರು.

ಸ್ವಲ್ಪ ಹೊತ್ತಿನ ನಂತರ ಎದುರಾಳಿ ತಂ‍ಡದ ವ್ಯವಸ್ಥಾಪಕರು ನನ್ನ ಬಳಿಗೆ ಬಂದರು. ಅವರ ಬ್ಲಾಕರ್ ಒಬ್ಬಳ ಪಾದ ಉಳುಕಿತ್ತು. "ಅಕ್ಕಾರೆ, ಐಸ್ ಐತೇನ್ರೀ ನಿಮ್ಮ ಹತ್ರ?"

"ಐತೆ. ನಮ್ಮದು ಆಂಬುಲೆನ್ಸ್ ತಂಡ ಅಲ್ವಾ, ಎಲ್ಲಾ ಇಟ್ಕಂಡಿರ್ತೀವಿ."

"ಯಾವ ಆಂಬುಲೆನ್ಸ್‌ರೀ?"

ಮನುಷ್ಯನಿಗೆ ನೆನಪೇ ಇರಲಿಲ್ಲ. ಒಂದು ವರ್ಷ ನಾನು ಹೊತ್ತು ತಿರುಗಿದ ಮಾತನ್ನು ಅವರು ಸೌತೆಕಾಯಿಯ ಜೊತೆಗೇ ನುಂಗಿ ಮರೆತಿದ್ದರು. ನೋಟ್‌ಬುಕ್ ತೆಗೆದು ಆ ಪುಟವನ್ನು ಮುಂದೆ ಹಿಡಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಮುಖ ಕೆಂಪಾಯಿತು. "ಖಾರದ ಪುಡಿ ಸೈತ ಬರ್ದೀರಲ್ರೀ" ಎಂದರು. ಆಮೇಲೆ ಇಬ್ಬರೂ ಸೇರಿ ಆ ಹುಡುಗಿಯ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟು ಐಸ್ ಒತ್ತಿದೆವು. ಹೋಗುವಾಗ, ನಮ್ಮ ಹುಡುಗಿಯರಿಂದ ತಿಳಿದಿದ್ದ ಮಣೆಯ ವಿಷಯ ಕೇಳಿದರು. ಗುಳಿಗಳ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಏಳನೆಯ ನಿಯಮವನ್ನೂ ಕೆಳಗೆ ಬರೆದು, ಇದನ್ನು ಮಾಡಬೇಡಿ ಎಂದು ಸೂಚಿಸಿದೆ.

ಸಂಜೆ ತಂಗಿದ್ದ ಕಡೆ, ಬಹುಮಾನದ ಗದ್ದಲ ಮುಗಿದ ಮೇಲೆ, ಎಂದಿನಂತೆ ಮಣೆಯನ್ನು ಮೂಲೆಯ ಕೋಣೆಯಲ್ಲಿಟ್ಟೆ. ಮೊದಲು ಹೋದವಳು ಜಗಳೂರಿನ ಹುಡುಗಿ. ಅವಳು ಹೊರಬಂದ ಮೇಲೆ ಒಳಗೆ ಹೋಗಿ ನೋಡಿದೆ. ಬಲ ಭುಜ ಖಾಲಿ. ಆದರೆ ಅಂಗೈ-ಬೆರಳಿನ ಗುಳಿಗಳಲ್ಲಿ ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಕೊನೆಯ ಚೆಂಡಿಗೆ ಜಾರಿದಾಗ ಬೆರಳು ಮುರಿದಿರಬೇಕೆಂದು ಓಡಿಹೋಗಿ ಅವಳ ಎರಡೂ ಕೈ ಹಿಡಿದೆ.

"ಏನಾಯ್ತು? ಎಲ್ಲಿ ತೋರ್ಸು."

"ಏನಿಲ್ರೀ ಮೇಡಂ" ಎಂದಳು, ಕೆಂಪಗಾದ ಅಂಗೈಗಳನ್ನು ಬಿಡಿಸಿ. "ಚಪ್ಪಾಳೆ ತಟ್ಟಿ ತಟ್ಟಿ."

ಒಬ್ಬೊಬ್ಬರಾಗಿ ಹನ್ನೆರಡೂ ಜನ ಹೋಗಿ ಬಂದರು. ಅಟ್ಯಾಕರ್, ಬ್ಲಾಕರ್, ಸೆಟ್ಟರ್, ಲಿಬೆರೊ, ಎಲ್ಲರದೂ ಅದೇ ಗುಳಿ, ಅಷ್ಟೇ ಬೀಜ. ಆಡುವ ಸ್ಥಾನಕ್ಕೂ ನೋವಿಗೂ ಯಾವ ಸಂಬಂಧವೂ ಇಲ್ಲದ ಪುಟ ಇಡೀ ನೋಟ್‌ಬುಕ್ಕಿನಲ್ಲಿ ಅದೊಂದೇ. ಹನ್ನೆರಡು ಸಾಲುಗಳನ್ನೂ ತುಂಬಿ, ನನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡು, ಹದಿಮೂರನೆಯ ಸಾಲು ಎಳೆದೆ.